ಪರದೆಯ ಅವನು, ಮೈದಾನದ ಅವರು

(ಮೈಸೂರಿನಲ್ಲಿ ಒಂದು ಶನಿವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಮೇಜಿನ ಮೇಲಿರುವ ಸಾಮಾನುಗಳ ಪರಿಚಯ ಮಾಡಿಕೊಡುತ್ತೇನೆ. ಈ ಬೂದು ಬಣ್ಣದ ಪೆಟ್ಟಿಗೆ ಅಮೆರಿಕದಲ್ಲಿ ಮಾರಾಟವಾದ ನಿಂಟೆಂಡೊ, ಟಿವಿಗೆ ಹಾಕಿ ಆಡುವ ಗೇಮ್ ಮೆಷಿನ್. ಪಕ್ಕದಲ್ಲಿರುವ ಭಾರದ ಡಬ್ಬಿ ಟ್ರಾನ್ಸ್‌ಫಾರ್ಮರ್, ನಮ್ಮ ಗೋಡೆಯ 230 ವೋಲ್ಟನ್ನು ಅಲ್ಲಿಯ ಲೆಕ್ಕಕ್ಕೆ ಇಳಿಸುವುದಕ್ಕೆ. ಹಿಂದಿರುವ ಡಬ್ಬಾ ಟಿವಿ ನಮ್ಮ ಅತ್ತೆಯ ಮನೆಯ ಅಟ್ಟದಿಂದ ಬಂದದ್ದು. ಇನ್ನು ನನ್ನ ಕೈಯಲ್ಲಿರುವುದು ಕ್ಯಾಸೆಟ್. ಈ ಸಂಜೆಯ ಮಾತೆಲ್ಲ ಇದರದ್ದೇ.

ಕ್ಯಾಸೆಟ್ ಅಂದಕೂಡಲೇ ಇಲ್ಲಿ ಕೆಲವರ ಮುಖ ಅರಳಿದ್ದನ್ನು ನೋಡಿದೆ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲೂ ಬೇಸಿಗೆ ರಜೆಗೆ ‘ಟಿವಿ ಗೇಮ್’ ಬರುತ್ತಿತ್ತು. ಮಾರಿಯೋ, ಕಾಂಟ್ರಾ. ಕ್ಯಾಸೆಟ್ ಹಿಡಿಯದಿದ್ದರೆ ತೆಗೆದು, ಬಾಯಿಂದ ಊದಿ, ಮತ್ತೆ ಹಾಕುವುದು. ಆ ಮೆಷಿನ್‌ಗಳಲ್ಲಿ ಬಹುಪಾಲು ನಿಂಟೆಂಡೊದ ಜಪಾನಿ ಮಾದರಿಯ ನಕಲುಗಳು. ಜಪಾನಿನ ಕ್ಯಾಸೆಟ್ಟಿಗೆ 60 ಪಿನ್ನು, ಅಮೆರಿಕದ್ದಕ್ಕೆ 72. ಹಾಗಾಗಿ ನನ್ನ ಕೈಯಲ್ಲಿರುವುದು ನಿಮ್ಮ ಆ ಮೆಷಿನ್ನಿನೊಳಗೆ ಕೂರುತ್ತಿರಲಿಲ್ಲ. ಒಳಗಿನ ಜೀವ ಮಾತ್ರ ಒಂದೇ.

ಇದರ ಹೆಸರು ಟೆಕ್ಮೊ ಸೂಪರ್ ಬೌಲ್. ಟೆಕ್ಮೊ ಎಂಬ ಜಪಾನಿನ ಕಂಪನಿ ಮಾಡಿ 1991ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬಿಟ್ಟ ಅಮೆರಿಕನ್ ಫುಟ್‌ಬಾಲ್ ಆಟ. ನಾನು ಇದನ್ನು ಮೊದಲು ನೋಡಿದ್ದು 1992ರ ಆಗಸ್ಟಿನಲ್ಲಿ, ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ. ಓದಲು ಹೋಗಿದ್ದೆ. ಹಳೆಯ ಮರದ ಮನೆಯೊಂದರಲ್ಲಿ ಮೂರು ಜನ ಬಾಡಿಗೆ ಹಂಚಿಕೊಂಡಿದ್ದೆವು. ನಡುಮನೆಯಲ್ಲಿ ಒಂದು ಸೋಫಾ, ಒಂದು ಟಿವಿ, ನೆಲದ ಮೇಲೆ ಈ ಪೆಟ್ಟಿಗೆ. ಅಷ್ಟು ಹೊತ್ತಿಗೆ ನಿಂಟೆಂಡೊದ ಹೊಸ ಮೆಷಿನ್ ಬಂದು ಒಂದು ವರ್ಷವಾಗಿತ್ತು, ಇದು ಆಗಲೇ ಹಳತು. ವಿದ್ಯಾರ್ಥಿಗಳ ಮನೆಗೆ ಹಳತೇ ಬರುವುದು.

ಮೂವರಲ್ಲಿ ಒಬ್ಬ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನವನು. ಅವನ ಹೆಸರು ಬೇಡ, ಬಫಲೋದವನು ಎಂದೇ ಕರೆಯುತ್ತೇನೆ. ಹೋದ ಮೊದಲ ವಾರ ನನಗೆ ಅಲ್ಲಿನ ಇಂಗ್ಲಿಷ್ ಅರ್ಧ ತಿಳಿಯುತ್ತಿರಲಿಲ್ಲ, ಅಂಗಡಿಯಲ್ಲಿ ಏನು ಕೊಳ್ಳಬೇಕೋ ಗೊತ್ತಾಗುತ್ತಿರಲಿಲ್ಲ. ಒಂದು ರಾತ್ರಿ ಅವನು ಸೋಫಾದ ಆ ತುದಿಯಲ್ಲಿ ಕೂತು, ಏನೂ ಹೇಳದೆ, ಎರಡನೆಯ ಕಂಟ್ರೋಲರನ್ನು ನನ್ನ ಕಡೆ ಚಾಚಿದ. ಆ ದೇಶದಲ್ಲಿ ನನ್ನನ್ನು ಮೊದಲು ಜೊತೆಗೆ ಕೂರಿಸಿಕೊಂಡದ್ದು ಆ ಕೈ.

ಈ ಆಟ ಗೊತ್ತಿಲ್ಲದವರಿಗಾಗಿ ಸ್ವಲ್ಪ. ಕಬಡ್ಡಿಯನ್ನು ಮನಸ್ಸಿಗೆ ತಂದುಕೊಳ್ಳಿ. ರೇಡರ್ ಗೆರೆ ದಾಟಿ ನುಗ್ಗುತ್ತಾನೆ, ಎದುರಿನವರು ಹಿಡಿದು ಕೆಡವುತ್ತಾರೆ. ಅಮೆರಿಕನ್ ಫುಟ್‌ಬಾಲಿನಲ್ಲೂ ಅದೇ ನುಗ್ಗಾಟ, ಆದರೆ ನಡುಗೆರೆ ಒಂದೇ ಕಡೆ ನಿಲ್ಲುವುದಿಲ್ಲ. ಚೆಂಡು ಹಿಡಿದವನನ್ನು ಎಲ್ಲಿ ಕೆಡವುತ್ತಾರೋ ಗೆರೆ ಅಲ್ಲಿಗೇ ಬರುತ್ತದೆ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ. ಹೋಗದಿದ್ದರೆ ಚೆಂಡು ಎದುರಾಳಿಗೆ. ಅಂಕಣದ ಉದ್ದ 100 ಗಜ. ಕೊನೆ ಮುಟ್ಟಿದರೆ ಟಚ್‌ಡೌನ್, ಆರು ಅಂಕ. ಮುಟ್ಟಲು ಆಗದು ಅನ್ನಿಸಿದರೆ ದೂರದಿಂದಲೇ ಎರಡು ಕಂಬಗಳ ನಡುವೆ ಒದೆಯಬಹುದು. ಅದು ಫೀಲ್ಡ್ ಗೋಲ್, ಮೂರು ಅಂಕ. ಚೆಂಡನ್ನು ಎಸೆಯುವವನು, ಆಟದ ಸೂತ್ರ ಹಿಡಿದವನು ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನು ರನ್ನಿಂಗ್ ಬ್ಯಾಕ್. ಇವತ್ತಿಗೆ ಇಷ್ಟು ಸಾಕು.

ನಿಜವಾದ ಆಟದಲ್ಲಿ ಪ್ರತಿ ತಂಡದ ಬಳಿಯೂ ದಪ್ಪ ಪುಸ್ತಕದಷ್ಟು ತಂತ್ರಗಳಿರುತ್ತವೆ. ಟೆಕ್ಮೊದವರು ಅದನ್ನು ಎಂಟಕ್ಕೆ ಇಳಿಸಿದರು: ಓಡುವುದಕ್ಕೆ ನಾಲ್ಕು, ಎಸೆಯುವುದಕ್ಕೆ ನಾಲ್ಕು. ಎಂಟೂ ಪರದೆಯ ಮೇಲೆ ಚಿತ್ರಗಳಾಗಿ ಕಾಣುತ್ತವೆ, ಇಬ್ಬರಿಗೂ ಕಾಣುತ್ತವೆ. ಚೆಂಡು ಇರುವವನು ಅದರಲ್ಲಿ ಒಂದನ್ನು ಬೆರಳಿನಲ್ಲೇ ಗುಟ್ಟಾಗಿ ಆರಿಸುತ್ತಾನೆ. ತಡೆಯುವವನು ಎದುರಾಳಿ ಯಾವುದನ್ನು ಆರಿಸಿರಬಹುದು ಎಂದು ಊಹಿಸಿ ತಾನೂ ಒಂದನ್ನು ಒತ್ತುತ್ತಾನೆ. ಊಹೆ ತಪ್ಪಿದರೆ ಆಟ ಮಾಮೂಲಾಗಿ ನಡೆಯುತ್ತದೆ. ಊಹೆ ಸರಿಯಾದರೆ ತಡೆಯುವ ತಂಡ ಕಟ್ಟೆಯೊಡೆದ ನೀರಿನ ಹಾಗೆ ನುಗ್ಗಿ ಚೆಂಡು ಹಿಡಿದವನ ಮೇಲೆ ಬೀಳುತ್ತದೆ.

ಇದು ನನಗೆ ಎಲ್ಲೋ ನೋಡಿದ ಆಟ ಅನ್ನಿಸಿತು. ಎರಡನೆಯ ರಾತ್ರಿಯೇ ಹೊಳೆಯಿತು: ಇದು ನಮ್ಮ ಸರಿ-ಬೆಸ! ಅಜ್ಜಿಯ ಮನೆಯ ಜಗಲಿಯಲ್ಲಿ ಮುಷ್ಟಿಯೊಳಗೆ ಹುಣಸೆಬೀಜ ಹಿಡಿದು ‘ಸರಿಯೋ ಬೆಸವೋ’ ಎಂದು ಕೇಳುತ್ತಿದ್ದೆವಲ್ಲ, ಅದೇ. ಆ ಆಟದಲ್ಲಿ ಬೀಜಕ್ಕಿಂತ ಮುಖ ನೋಡುವುದು ಮುಖ್ಯ. ಇಲ್ಲೂ ಹಾಗೆಯೇ. ಬಫಲೋದವನು ಎಸೆಯುವ ತಂತ್ರ ಆರಿಸುವಾಗ ಸ್ವಲ್ಪ ಉಸಿರು ಹಿಡಿಯುತ್ತಿದ್ದ. ಇದನ್ನು ನಾನು ಕಂಡುಹಿಡಿದದ್ದು ನವೆಂಬರಿನಲ್ಲಿ, ಅವನಿಗೆ ಗೊತ್ತಾದದ್ದು ಮಾರ್ಚಿನಲ್ಲಿ. ಆಮೇಲೆ ಅವನು ಕಂಟ್ರೋಲರನ್ನು ಕಂಬಳಿಯೊಳಗೆ ಇಟ್ಟುಕೊಂಡು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಒತ್ತತೊಡಗಿದ. ಹೊರಗೆ ಹಿಮ. ಒಳಗೆ ಇಬ್ಬರು, ಒಬ್ಬರ ಉಸಿರನ್ನು ಒಬ್ಬರು ಕೇಳಿಸಿಕೊಳ್ಳುತ್ತ ಕೂತಿದ್ದೇವೆ. ಆ ಮೇಲೆ ಬಂದ ಎಷ್ಟೋ ಆಟಗಳಲ್ಲಿ ಹುಲ್ಲಿನ ಒಂದೊಂದು ಎಳೆಯೂ ಕಾಣುತ್ತದೆ. ಪಕ್ಕದಲ್ಲಿ ಕೂತವನ ಉಸಿರನ್ನು ಇಷ್ಟು ಗಮನವಿಟ್ಟು ಕೇಳುವ ಹಾಗೆ ಮಾಡಿದ ಆಟ ನನಗೆ ಇನ್ನೊಂದು ಸಿಕ್ಕಿಲ್ಲ.

ಮೆಷಿನ್ನಿನ ಶಕ್ತಿ ಎಷ್ಟು ಎಂದು ಕೇಳಿದರೆ ಇವತ್ತಿನ ಮಕ್ಕಳು ನಂಬುವುದಿಲ್ಲ. ಕೆಲಸ ಮಾಡಲು ಅದಕ್ಕಿದ್ದ ಸ್ವಂತ ಮೆಮೊರಿ 2 ಕಿಲೋಬೈಟ್. ಚಲಿಸುವ ಚಿತ್ರದ ತುಣುಕುಗಳು ಪರದೆಯ ಮೇಲೆ ಒಟ್ಟು 64, ಒಂದು ಅಡ್ಡಗೆರೆಯಲ್ಲಿ ಎಂಟು. ಅದಕ್ಕಿಂತ ಹೆಚ್ಚಾದರೆ ಕೆಲವು ತುಣುಕುಗಳನ್ನು ಅದು ತೋರಿಸುವುದೇ ಇಲ್ಲ. ಹಾಗಾಗಿ ನಡುಗೆರೆಯ ಬಳಿ ಆಟಗಾರರು ಗುಂಪುಗೂಡಿದಾಗ ಅವರು ಮಿಣುಕುತ್ತಾರೆ, ಇದ್ದಾರೆ, ಇಲ್ಲ, ಇದ್ದಾರೆ. ಇಷ್ಟರಲ್ಲೇ ಒಂದೊಂದು ಕಡೆಗೆ ಹನ್ನೊಂದು ಜನರನ್ನು ನಿಲ್ಲಿಸಿ, ಇಡೀ 16 ಪಂದ್ಯಗಳ ಸೀಸನ್ ನಡೆಸಿ, ಯಾರು ಎಷ್ಟು ಗಜ ಓಡಿದರು ಎಂಬ ಲೆಕ್ಕವನ್ನೂ ಇಟ್ಟರಲ್ಲ, ಆ ಜಪಾನಿ ಎಂಜಿನಿಯರುಗಳ ಬಗ್ಗೆ ನನಗೆ ಇಂದಿಗೂ ಗೌರವ.

ಈಗ ಮುಖ್ಯ ಮಾತಿಗೆ ಬರುತ್ತೇನೆ.

ಟೆಕ್ಮೊ 1989ರಲ್ಲಿ ಇದೇ ಮೆಷಿನ್ನಿಗೆ ಟೆಕ್ಮೊ ಬೌಲ್ ಎಂಬ ಚಿಕ್ಕ ಆಟ ಬಿಟ್ಟಿತ್ತು. 12 ತಂಡ, ನಾಲ್ಕೇ ತಂತ್ರ. ಅದರಲ್ಲಿ ಆಟಗಾರರ ಸಂಘದ ಒಪ್ಪಿಗೆ ಇತ್ತು, ಎನ್‌ಎಫ್‌ಎಲ್ ಎಂಬ ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗಿನ ಒಪ್ಪಿಗೆ ಇರಲಿಲ್ಲ. ಆಟಗಾರರ ಹೆಸರು ನಿಜ, ತಂಡಗಳಿಗೆ ಬರೀ ಊರಿನ ಹೆಸರು. 1991ರ ಆಟಕ್ಕೆ ಎರಡೂ ಒಪ್ಪಿಗೆ ಸಿಕ್ಕಿತು. ಆಗ ಎನ್‌ಎಫ್‌ಎಲ್‌ನಲ್ಲಿದ್ದ 28 ತಂಡಗಳೂ ಬಂದವು, ತಂಡಕ್ಕೆ 30 ಜನರಂತೆ. ಲೆಕ್ಕ ಹಾಕಿ, 840 ಜನ. ಆ ತಂಡಗಳು 1990ರ ಸೀಸನ್ನಿನವು. ಒಂದು ವರ್ಷದ ಲೀಗನ್ನು ಹಾಗೆಯೇ ಅಚ್ಚು ಹಾಕಿ ಪ್ಲಾಸ್ಟಿಕ್ಕಿನೊಳಗೆ ಇಟ್ಟ ಹಾಗೆ.

ಕನ್ನಡದಲ್ಲಿ ಮಾತಾಡುವಾಗ ನನಗೊಂದು ಅನುಕೂಲ ಇದೆ, ಇಂಗ್ಲಿಷಿನಲ್ಲಿ ಇಲ್ಲದ್ದು. ಪರದೆಯ ಮೇಲೆ ಓಡುವ ಗೊಂಬೆಯನ್ನು ‘ಅವನು’ ಎನ್ನಬಹುದು, ನಿಜವಾದ ಮನುಷ್ಯರನ್ನು ‘ಅವರು’ ಎನ್ನಬಹುದು. ಇನ್ನು ಮುಂದೆ ಹಾಗೆಯೇ ಹೇಳುತ್ತೇನೆ. ಈ ಆಟದ ನೆನಪು ನನ್ನನ್ನು ಎಳೆಯುವುದು ಆ ಇಬ್ಬರ ನಡುವಿನ ಜಾಗದಲ್ಲಿ.

ನಾನು ಮೊದಲು ಒಲಿದದ್ದು ಕ್ಯಾನ್ಸಸ್ ಸಿಟಿಯ ಕ್ರಿಶ್ಚಿಯನ್ ಒಕೋಯೆಗೆ. ಪರದೆಯಲ್ಲಿ ಅವನು ಅಷ್ಟೇನೂ ವೇಗದವನಲ್ಲ. ಆದರೆ ಹಿಡಿಯಲು ಬಂದವರು ಅವನಿಗೆ ತಾಗಿ ಹಾರಿ ಬೀಳುತ್ತಾರೆ, ಅವನು ನಡೆಯುತ್ತಲೇ ಇರುತ್ತಾನೆ. ನಿಜವಾದ ಒಕೋಯೆ ಅವರು ನೈಜೀರಿಯಾದ ಎನುಗು ಎಂಬ ಊರಿನವರು. ಅಮೆರಿಕಕ್ಕೆ ಓದಲು ಬಂದದ್ದು ಡಿಸ್ಕಸ್ ಎಸೆತಗಾರರಾಗಿ. ಫುಟ್‌ಬಾಲ್ ಅನ್ನು ಕಾಲೇಜಿನಲ್ಲಿ ಹೊಸದಾಗಿ ಕಲಿತರು. 1989ರಲ್ಲಿ ಇಡೀ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಓಡಿದವರು ಅವರೇ, 1,480 ಗಜ. ಇದನ್ನು ಬಫಲೋದವನು ಹೇಳಿದ ಮೇಲೆ ನಾನು ಬೇರೆ ತಂಡ ಹಿಡಿಯಲಿಲ್ಲ. ಹೊರಗಿನಿಂದ ಬಂದು, ಆ ದೇಶದ ಆಟವನ್ನು ದೊಡ್ಡವರಾದ ಮೇಲೆ ಕಲಿತು, ಅದರಲ್ಲಿ ಎಲ್ಲರ ಮುಂದೆ ನಿಂತವರು. ಆ ವಯಸ್ಸಿನಲ್ಲಿ, ಆ ಚಳಿಯಲ್ಲಿ, ನನಗೆ ಅದು ದೊಡ್ಡ ಧೈರ್ಯ.

ಬಫಲೋದವನ ತಂಡ ಬಫಲೋ ಬಿಲ್ಸ್, ಹೇಳಬೇಕಾಗಿಲ್ಲ. ಆ ತಂಡದ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿ. ಆದರೆ ಆಟದೊಳಗೆ ಜಿಮ್ ಕೆಲ್ಲಿ ಎಂಬ ಹೆಸರಿಲ್ಲ! ಹೆಸರಿನ ಜಾಗದಲ್ಲಿ ‘ಕ್ಯುಬಿ ಬಿಲ್ಸ್’ ಎಂದಿದೆ, ಬಿಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಅಂತ ಅಷ್ಟೆ. ಕೆಲ್ಲಿ, ಫಿಲಡೆಲ್ಫಿಯಾದ ರ‍್ಯಾಂಡಲ್ ಕನಿಂಗ್‌ಹ್ಯಾಮ್, ಕ್ಲೀವ್‌ಲ್ಯಾಂಡಿನ ಬರ್ನಿ ಕೋಸರ್, ಈ ಮೂವರ ಹೆಸರು ಆಟಗಾರರ ಸಂಘದ ಆ ಒಪ್ಪಂದದೊಳಗೆ ಬಂದಿರಲಿಲ್ಲ. ಹಾಗಾಗಿ ಮೂವರೂ ಹೆಸರಿಲ್ಲದೆ ಆಡುತ್ತಾರೆ. ಹಳ್ಳಿಯಲ್ಲಿ ಕೆಲವರನ್ನು ‘ಮೇಲಿನ ಮನೆಯವರು’ ಎಂದೇ ಕರೆಯುವುದಿಲ್ಲವೇ, ಹಾಗೆ. ಆ ತಲೆಮಾರಿನ ಅಮೆರಿಕನ್ನರಿಗೆ ‘ಕ್ಯುಬಿ ಈಗಲ್ಸ್’ ಅನ್ನುವುದೇ ಒಬ್ಬ ಮನುಷ್ಯನ ಹೆಸರಾಗಿ ಉಳಿದಿದೆ.

ಬಿಲ್ಸ್ ತಂಡದ ಒದೆಯುವವರು ಸ್ಕಾಟ್ ನಾರ್ವುಡ್. ಅವರ ಹೆಸರು ಆಟದಲ್ಲಿ ಇದೆ. 1991ರ ಜನವರಿ 27ರಂದು ಟ್ಯಾಂಪಾ ನಗರದಲ್ಲಿ ನಡೆದ ಫೈನಲ್, ಅಂದರೆ ಸೂಪರ್ ಬೌಲ್, ನ್ಯೂಯಾರ್ಕ್ ಜೈಂಟ್ಸ್ ಎದುರು. ಕೊನೆಯ ಕ್ಷಣಗಳು. ಬಫಲೋ ಒಂದು ಅಂಕ ಹಿಂದೆ, 19ಕ್ಕೆ 20. ನಾರ್ವುಡ್ ಅವರು 47 ಗಜ ದೂರದಿಂದ ಒದೆಯಬೇಕು. ಹೋದರೆ ಆ ಊರಿಗೆ ಮೊದಲ ಸೂಪರ್ ಬೌಲ್. ಚೆಂಡು ಎತ್ತರಕ್ಕೇನೋ ಹೋಯಿತು, ದೂರವೂ ಹೋಯಿತು, ಬಲಗಡೆಯ ಕಂಬದ ಆಚೆಗೆ ಹೋಯಿತು. ಆ ಊರಿನಲ್ಲಿ ಇಂದಿಗೂ ‘ವೈಡ್ ರೈಟ್’ ಎಂಬ ಎರಡು ಪದ ಸಾಕು, ಬೇರೆ ವಿವರಣೆ ಬೇಡ. ಮುಂದಿನ ಮೂರು ವರ್ಷವೂ ಬಫಲೋ ಸೂಪರ್ ಬೌಲಿಗೆ ಹೋಯಿತು, ಮೂರರಲ್ಲೂ ಸೋತಿತು. ನಾಲ್ಕರಲ್ಲಿ ಗೆಲುವು ಅಷ್ಟು ಹತ್ತಿರ ಬಂದದ್ದು ಆ ಒಂದು ಒದೆತದಲ್ಲಿ ಮಾತ್ರ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಫಲೋದವನು ಆಡುವಾಗ, ಅಂಕಪಟ್ಟಿ ಏನೇ ಇರಲಿ, ಗೆಲ್ಲುತ್ತಿರಲಿ ಸೋಲುತ್ತಿರಲಿ, 47 ಗಜದ ಆಸುಪಾಸಿನಲ್ಲಿ ನಿಂತರೆ ಓಡುವುದನ್ನು ಬಿಟ್ಟು ಒದೆಯುತ್ತಿದ್ದ. ಪರದೆಯಲ್ಲಿ ಒಂದು ಬಾಣದ ಗುರುತು ಮೇಲೆ ಕೆಳಗೆ ಚಲಿಸುತ್ತದೆ, ಅದು ಕಂಬಗಳ ನಡುವಿಗೆ ಬಂದಾಗ ಗುಂಡಿ ಒತ್ತಬೇಕು. ಅವನು ಆಗ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ನಾನೂ ಮಾತಾಡುತ್ತಿರಲಿಲ್ಲ. ಚೆಂಡು ಕಂಬಗಳ ನಡುವೆ ಹೋದರೆ ಅವನು ಕೂಗುತ್ತಿರಲಿಲ್ಲ, ಕುಣಿಯುತ್ತಿರಲಿಲ್ಲ. ತಲೆ ಒಮ್ಮೆ ಆಡಿಸಿ ಮುಂದಿನ ಆಟಕ್ಕೆ ಹೋಗುತ್ತಿದ್ದ. ಪರದೆಯ ಅವನು ಅದನ್ನು ಎಷ್ಟು ಸಲ ಒದೆದನೋ. ಅವರು ಒದೆದದ್ದು ಒಂದೇ ಸಲ.

1993ರ ಜನವರಿ 3ರ ಭಾನುವಾರ. ಚಳಿಗಾಲದ ರಜೆ, ಊರು ಖಾಲಿ. ನಾವಿಬ್ಬರೂ ಕೆಲಸ ಬಾಕಿ ಇದ್ದುದರಿಂದ ಮನೆಯಲ್ಲೇ ಉಳಿದಿದ್ದೆವು. ಟಿವಿಯಲ್ಲಿ ಬಫಲೋ ಮತ್ತು ಹ್ಯೂಸ್ಟನ್ ಆಯಿಲರ್ಸ್ ನಡುವಿನ ಪ್ಲೇಆಫ್. ಸ್ಟೇಡಿಯಂ ಟಿಕೆಟ್ಟುಗಳೆಲ್ಲ ಮಾರಾಟವಾಗದಿದ್ದರೆ ಆ ಊರಿನ ಟಿವಿಯಲ್ಲಿ ಪಂದ್ಯ ತೋರಿಸಬಾರದು ಎಂಬ ನಿಯಮ ಆಗ ಇತ್ತು. ಹಾಗಾಗಿ ಬಫಲೋದಲ್ಲಿದ್ದ ಅವನ ತಂದೆತಾಯಿಗೆ ಪಂದ್ಯ ಕಾಣುತ್ತಿರಲಿಲ್ಲ, ಮ್ಯಾಡಿಸನ್ನಿನಲ್ಲಿದ್ದ ನಮಗೆ ಕಾಣುತ್ತಿತ್ತು. ಜಿಮ್ ಕೆಲ್ಲಿ ಅವರಿಗೆ ಗಾಯ. ಅವರ ಬದಲು ಆಡಿದ್ದು ಫ್ರ್ಯಾಂಕ್ ರೈಕ್. ಅರ್ಧ ಆಟಕ್ಕೆ 28-3. ಮೂರನೆಯ ಭಾಗ ಶುರುವಾದ ಸ್ವಲ್ಪದರಲ್ಲೇ 35-3. ಸ್ಟೇಡಿಯಮ್ಮಿನಿಂದ ಜನ ಎದ್ದು ಹೊರಟರು. ಬಫಲೋದವನು ಎದ್ದು ಹೋಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯತೊಡಗಿದ.

ಆಮೇಲೆ ನಡೆದದ್ದನ್ನು ಅಮೆರಿಕದಲ್ಲಿ ‘ದಿ ಕಮ್‌ಬ್ಯಾಕ್’ ಎಂದೇ ಕರೆಯುತ್ತಾರೆ. ರೈಕ್ ಅವರು ಒಂದಾದ ಮೇಲೆ ಒಂದು ಎಸೆದರು. ನಾನು ಅಡುಗೆಮನೆಯ ಬಾಗಿಲಿಗೆ ಓಡಿ ಹೋಗಿ ಸ್ಕೋರ್ ಕೂಗುವುದು, ಅವನು ‘ಬೇಡ, ಹೇಳಬೇಡ’ ಎನ್ನುವುದು. ಕೊನೆಗೆ ಒದ್ದೆ ಕೈಯಲ್ಲೇ ಬಂದು ಸೋಫಾದ ಹಿಂದೆ ನಿಂತ. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಅಲ್ಲಿ ಒಂದು ಫೀಲ್ಡ್ ಗೋಲ್. ಅಷ್ಟು ಹೊತ್ತಿಗೆ ನಾರ್ವುಡ್ ಅವರು ತಂಡದಲ್ಲಿರಲಿಲ್ಲ, ಒದೆದವರು ಸ್ಟೀವ್ ಕ್ರಿಸ್ಟಿ. ಬಫಲೋ 41, ಹ್ಯೂಸ್ಟನ್ 38. 32 ಅಂಕ ಹಿಂದಿದ್ದು ಗೆದ್ದ ಆ ದಾಖಲೆ 2022ರ ಡಿಸೆಂಬರಿನವರೆಗೆ ಉಳಿಯಿತು.

ಆ ರಾತ್ರಿ ಅವನು ಆಟ ಹಾಕಿದ. ಬಿಲ್ಸ್ ತಂಡದ ಪಟ್ಟಿ ತೆರೆದು, ‘ಕ್ಯುಬಿ ಬಿಲ್ಸ್’ನನ್ನು ಕೂರಿಸಿ, ಎರಡನೆಯ ಕ್ವಾರ್ಟರ್‌ಬ್ಯಾಕನ್ನು ಇಳಿಸಿದ. ಎರಡನೆಯವನಿಗೆ ಹೆಸರಿತ್ತು. ಮುಖ್ಯ ಆಟಗಾರನಿಗೆ ಇಲ್ಲದ ಹೆಸರು, ಬೆಂಚಿನ ಮೇಲೆ ಕೂತವನಿಗೆ ಇತ್ತು: ಫ್ರ್ಯಾಂಕ್ ರೈಕ್. ಒಂದು ವರ್ಷದಿಂದ ಅಲ್ಲೇ ಕೂತಿದ್ದ, ನಾವು ಯಾರೂ ಕರೆದಿರಲಿಲ್ಲ.

ಮ್ಯಾಡಿಸನ್ ಇರುವುದು ಗ್ರೀನ್ ಬೇ ಪ್ಯಾಕರ್ಸ್ ತಂಡದ ನಾಡಿನಲ್ಲಿ. ನಾನು ಹೋದ ಮರುತಿಂಗಳೇ, 1992ರ ಸೆಪ್ಟೆಂಬರ್ 20ರಂದು, ಪ್ಯಾಕರ್ಸ್ ಕ್ವಾರ್ಟರ್‌ಬ್ಯಾಕ್ ಡಾನ್ ಮಕೌಸ್ಕಿ ಅವರ ಪಾದದ ಗಂಟಿಗೆ ಪೆಟ್ಟಾಯಿತು. ಬದಲಿಗೆ ಬಂದವರು ಬ್ರೆಟ್ ಫಾರ್ವ್. ಮುಂದಿನ ವಾರದಿಂದ ಶುರು ಮಾಡಿ ಫಾರ್ವ್ ಅವರು 2010ರವರೆಗೆ ಲೀಗಿನ ಸತತ 297 ಪಂದ್ಯಗಳಲ್ಲಿ ಮೊದಲಿಂದಲೇ ಕಣಕ್ಕಿಳಿದರು. ಊರಿಗೆ ಊರೇ ಫಾರ್ವ್ ಅನ್ನುತ್ತಿತ್ತು. ನಮ್ಮ ನಡುಮನೆಯ ಪರದೆಯಲ್ಲಿ ಮಾತ್ರ ಮಕೌಸ್ಕಿಯೇ, ಗಾಯವಿಲ್ಲದೆ, ಪ್ರತಿ ರಾತ್ರಿ.

ಇನ್ನು ಬೋ ಜಾಕ್ಸನ್.

ಈ ಆಟದ ಹೆಸರು ಹೇಳಿದರೆ ಯಾವ ಅಮೆರಿಕನ್ನನಿಗೂ ಮೊದಲು ನೆನಪಾಗುವುದು ಲಾಸ್ ಏಂಜಲೀಸ್ ರೇಡರ್ಸ್ ತಂಡದ ಬೋ. ಅವನ ಕೈಗೆ ಚೆಂಡು ಕೊಟ್ಟರೆ ಹಿಡಿಯುವವರಿಲ್ಲ. ಮೇಲೆ ಕೆಳಗೆ ಅಂಕುಡೊಂಕಾಗಿ ಓಡಿಸಿ, ಗೆರೆಯ ಹತ್ತಿರ ಬಂದು ಮತ್ತೆ ಹಿಂದಕ್ಕೆ ಓಡಿ, ಒಂದೇ ಓಟದಲ್ಲಿ ಗಡಿಯಾರವನ್ನೆಲ್ಲ ಕರಗಿಸಿಬಿಡುವವರಿದ್ದರು. ಎಷ್ಟೋ ಮನೆಗಳಲ್ಲಿ ರೇಡರ್ಸ್ ತಗೊಳ್ಳುವ ಹಾಗಿಲ್ಲ ಎಂಬ ಕಟ್ಟಳೆ. ನಮ್ಮಲ್ಲಿ ಬೇರೆ ಉಪಾಯ: ಒಬ್ಬ ಎರಡು ತಂಡಗಳ ಹೆಸರು ಹೇಳಬೇಕು, ಇನ್ನೊಬ್ಬ ಅದರಲ್ಲಿ ತನಗೆ ಬೇಕಾದ್ದನ್ನು ಆರಿಸಬೇಕು. ಒಬ್ಬ ಹೋಳಿಗೆ ಮುರಿಯುವುದು, ಇನ್ನೊಬ್ಬ ಮೊದಲು ತೆಗೆದುಕೊಳ್ಳುವುದು. ಆಗ ಮುರಿಯುವವನು ಸಮವಾಗಿಯೇ ಮುರಿಯುತ್ತಾನೆ.

ಅವನ ವೇಗ ಬರೀ ಕಲ್ಪನೆಯಲ್ಲ. ಅವರು ಕಾಲೇಜಿನಲ್ಲೇ, 1985ರಲ್ಲಿ, ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರರಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದವರು. ಬೇಸ್‌ಬಾಲನ್ನೂ ವೃತ್ತಿಯಾಗಿ ಆಡಿ, ಎರಡು ಕ್ರೀಡೆಗಳಲ್ಲೂ ಆಲ್-ಸ್ಟಾರ್ ಆದವರು. 1987ರ ನವೆಂಬರ್ 30, ಅವರ ಇಪ್ಪತ್ತೈದನೆಯ ಹುಟ್ಟುಹಬ್ಬ. ಸಿಯಾಟಲ್‌ನಲ್ಲಿ ಒಂದೇ ಪಂದ್ಯದಲ್ಲಿ 221 ಗಜ ಓಡಿದರು. ಅದರಲ್ಲಿ ಒಂದು ಓಟ 91 ಗಜದ್ದು. ಗೆರೆ ದಾಟಿದ ಮೇಲೂ ನಿಲ್ಲದೆ ಸ್ಟೇಡಿಯಮ್ಮಿನ ಸುರಂಗದ ದಾರಿಯೊಳಗೆ ಹೊರಟುಹೋದರು. ಆ ಓಟದ ಚಿತ್ರ ನೋಡಿದವರಿಗೆ ಟೆಕ್ಮೊದ ಬೋ ಅತಿಶಯ ಅನ್ನಿಸುವುದಿಲ್ಲ.

1991ರ ಜನವರಿ 13ರಂದು ಸಿನ್ಸಿನಾಟಿ ಎದುರಿನ ಪ್ಲೇಆಫ್‌ನಲ್ಲಿ ಅವರು 34 ಗಜ ಓಡಿದರು. ಹಿಂದಿನಿಂದ ಒಬ್ಬ ಆಟಗಾರ ಕಾಲು ಹಿಡಿದು ಕೆಡವಿದರು. ನೋಡುವುದಕ್ಕೆ ಮಾಮೂಲಿ ಬೀಳು. ಸೊಂಟದ ಕೀಲು ತಪ್ಪಿತ್ತು. ಆಮೇಲೆ ಆ ಮೂಳೆಗೆ ರಕ್ತ ಹರಿಯುವುದು ನಿಂತು ಅದು ಸಾಯತೊಡಗಿತು. ಅವರು ಮತ್ತೆಂದೂ ಫುಟ್‌ಬಾಲ್ ಆಡಲಿಲ್ಲ. ಮರುವಾರ ಅವರಿಲ್ಲದ ರೇಡರ್ಸ್ ಎದುರು ಬಫಲೋ 51-3ರಿಂದ ಗೆದ್ದು, ಆ ವೈಡ್ ರೈಟ್ ಫೈನಲ್ಲಿಗೆ ಹೋಯಿತು. ‘ಬೋ ಇದ್ದಿದ್ದರೆ’ ಎಂದು ನಾನು ಶುರು ಮಾಡಿದರೆ ನಮ್ಮ ಮನೆಯಲ್ಲಿ ಅರ್ಧ ರಾತ್ರಿ ಕಳೆಯುತ್ತಿತ್ತು.

ತಾರೀಖುಗಳನ್ನು ಸ್ವಲ್ಪ ಪಕ್ಕಪಕ್ಕ ಇಟ್ಟು ನೋಡಿ. ಅವರು ಬಿದ್ದದ್ದು ಜನವರಿಯಲ್ಲಿ. ಆಟ ಅಂಗಡಿಗೆ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅಂದರೆ ಯಾವ ಹುಡುಗನೂ ಈ ಕ್ಯಾಸೆಟ್ ಮನೆಗೆ ತಂದು ಬೋನನ್ನು ಮೊದಲ ಸಲ ಓಡಿಸುವ ಹೊತ್ತಿಗೆ, ಮೈದಾನದಲ್ಲಿ ಅವರ ಓಟ ಮುಗಿದು ಹನ್ನೊಂದು ತಿಂಗಳಾಗಿತ್ತು. ಪೆಟ್ಟಿಗೆಯಿಂದ ಹೊರಬಂದ ಮೊದಲ ದಿನವೇ ಈ ಆಟ ಹಳೆಯ ನೆನಪು. ಹಳೆಯದಾದ ಮೇಲೆ ನಾವು ಇದನ್ನು ಹಂಬಲಿಸತೊಡಗಿದೆವು ಎಂದು ಜನ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. 1991ರಲ್ಲೇ ಮಕ್ಕಳು ಅದಕ್ಕಾಗಿಯೇ ಅವನನ್ನು ಆರಿಸುತ್ತಿದ್ದರು ಎಂದು ನನ್ನ ನಂಬಿಕೆ. ಟಿವಿಯಲ್ಲಿ ಬೋ ಇನ್ನು ಬರುವುದಿಲ್ಲ, ಇಲ್ಲಿ ಇದ್ದಾನೆ.

ಅವರು ಸೊಂಟದ ಕೀಲನ್ನೇ ಬದಲಾಯಿಸಿಕೊಂಡು 1993ರಲ್ಲಿ ಬೇಸ್‌ಬಾಲಿಗೆ ಮರಳಿದರು, ಮೊದಲ ಸರದಿಯಲ್ಲೇ ಹೋಮ್ ರನ್ ಹೊಡೆದರು. ಕೃತಕ ಸೊಂಟದ ಮನುಷ್ಯರೊಬ್ಬರು! ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಮೂವರೂ ರೇಡರ್ಸ್ ಆಡಿದೆವು, ಹೋಳಿಗೆಯ ನಿಯಮವನ್ನು ಪಕ್ಕಕ್ಕಿಟ್ಟು.

ಈ ಪ್ಲಾಸ್ಟಿಕ್ಕಿನೊಳಗೆ ಇಲ್ಲದ್ದರ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ನನ್ನ ಮಾತು ಅರ್ಧಸತ್ಯ. ಸ್ಯಾನ್ ಡಿಯಾಗೋ ತಂಡದಲ್ಲಿ ಜೂನಿಯರ್ ಸೇಯಾವ್ ಇದ್ದಾನೆ. 1990ರಲ್ಲಿ ಲೀಗಿಗೆ ಹೊಸಬ, ಮಿಂಚಿನಂಥವನು. ನಿಜವಾದ ಸೇಯಾವ್ ಅವರು ಇಪ್ಪತ್ತು ಸೀಸನ್ ಆಡಿದರು. 2012ರ ಮೇ ತಿಂಗಳಲ್ಲಿ ತಾವೇ ಜೀವ ಕಳೆದುಕೊಂಡರು. ತಲೆಗೆ ಪದೇ ಪದೇ ಬಿದ್ದ ಪೆಟ್ಟುಗಳಿಂದ ಬರುವ ಮಿದುಳಿನ ಕಾಯಿಲೆ ಅವರಿಗೆ ಇತ್ತೆಂದು ಆಮೇಲೆ ಪರೀಕ್ಷೆಯಲ್ಲಿ ಗೊತ್ತಾಯಿತು. ಪರದೆಯಲ್ಲಿ ಅವನು ನೆಗೆದು ಬೀಳುತ್ತಾನೆ, ಏಳುತ್ತಾನೆ, ಮತ್ತೆ ನೆಗೆಯುತ್ತಾನೆ. ಅವನಿಗೆ ತಲೆ ನೋಯುವುದಿಲ್ಲ. ಫಿಲಡೆಲ್ಫಿಯಾ ತಂಡದ ಜೆರೋಮ್ ಬ್ರೌನ್ ಅವರು 1992ರ ಜೂನಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು, ನಾನು ಆ ದೇಶಕ್ಕೆ ಕಾಲಿಡುವ ಮೊದಲೇ. ನಾನು ಅವರನ್ನು ಬಲ್ಲದ್ದು ಅವನಾಗಿ ಮಾತ್ರ. ಈಗ ಆಡುವಾಗ ಯಾರಾದರೂ ಗುದ್ದಿ ಬಿದ್ದರೆ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಆಗ ತಡೆಯುತ್ತಿರಲಿಲ್ಲ.

ಮುಂದೆ ಬಂದ ಫುಟ್‌ಬಾಲ್ ಆಟಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. 1988ರಲ್ಲಿ ಆಪಲ್ ಕಂಪ್ಯೂಟರಿನಲ್ಲಿ ಶುರುವಾದ ಮ್ಯಾಡೆನ್ ಸರಣಿ ನಿಜವಾದ ಆಟಕ್ಕೆ ಹತ್ತಿರ, ಇನ್ನೂ ಹತ್ತಿರ ಎಂದು ಬೆಳೆಯಿತು. 2004ರ ಡಿಸೆಂಬರಿನಲ್ಲಿ ಅದರ ಕಂಪನಿಯೊಂದಕ್ಕೇ ಲೀಗ್ ತನ್ನ ಹಕ್ಕು ಕೊಟ್ಟಿತು. ಬೇರೆಯವರು ಅಂಥ ಆಟ ಮಾಡುವ ದಾರಿ ಹೆಚ್ಚುಕಡಿಮೆ ಮುಚ್ಚಿತು. ಪೈಪೋಟಿ ಹೋದದ್ದು ಆ ಆಟಕ್ಕೂ ಒಳ್ಳೆಯದಾಗಲಿಲ್ಲ ಎಂಬುದು ನನ್ನ ಅನಿಸಿಕೆ.

ಟೆಕ್ಮೊವನ್ನು ಪ್ರೀತಿಸುವವರು ಸುಮ್ಮನಾಗಲಿಲ್ಲ. ಕ್ಯಾಸೆಟ್ಟಿನೊಳಗಿನ ಪ್ರೋಗ್ರಾಮನ್ನು ಬಿಚ್ಚಿ, ಪ್ರತಿ ವರ್ಷ ಹೊಸ ಆಟಗಾರರ ಹೆಸರು, ಹೊಸ ವೇಗ, ಹೊಸ ತಂಡಗಳನ್ನು ತುಂಬುತ್ತಾರೆ. 28 ತಂಡ 32 ಆಗಿದೆ. ಲಾಸ್ ಏಂಜಲೀಸ್ ರೇಡರ್ಸ್ ಈಗ ಲಾಸ್ ವೇಗಸ್‌ಗೆ ಹೋಗಿದ್ದಾರೆ, ಹ್ಯೂಸ್ಟನ್ ಆಯಿಲರ್ಸ್ ಆ ಹೆಸರಿನಲ್ಲಿ ಇಲ್ಲವೇ ಇಲ್ಲ. ಸಂಬಳವಿಲ್ಲದೆ, ಹೆಸರಿನ ಆಸೆಯಿಲ್ಲದೆ ವರ್ಷ ವರ್ಷ ಇಷ್ಟು ಕೆಲಸ ಮಾಡುವವರನ್ನು ನಾನು ಗೌರವಿಸುತ್ತೇನೆ. ಆದರೆ ನನ್ನ ಮನಸ್ಸು ಆ ಕಡೆ ಹೋಗುವುದಿಲ್ಲ. ನಾನಿದ್ದ ಮ್ಯಾಡಿಸನ್ನಿನಲ್ಲೇ 2005ರಲ್ಲಿ ಈ ಆಟದ ದೊಡ್ಡ ಪಂದ್ಯಾವಳಿ ಶುರುವಾಯಿತು, ನಾನು ಬಿಟ್ಟು ಬಂದು ಹತ್ತು ವರ್ಷದ ಮೇಲೆ. ಆ ಚಳಿಯಲ್ಲಿ ಬೇರೆ ಬೇರೆ ರಾಜ್ಯಗಳಿಂದ ಜನ ಬಂದು, ಪಕ್ಕಪಕ್ಕ ಕೂತು, ಮಕೌಸ್ಕಿಯ ಕೈಯಲ್ಲಿ ಚೆಂಡು ಎಸೆಸುತ್ತಾರೆ ಎಂದು ತಿಳಿದಾಗ ಆದ ಸಂತೋಷವನ್ನು ಹೇಗೆ ಹೇಳಲಿ. ನನ್ನ ಮಟ್ಟಿಗೆ 1990 ಹಾಗೆಯೇ ಇರಬೇಕು. ಮಕೌಸ್ಕಿ ಇರಬೇಕು. ಕೆಲ್ಲಿಗೆ ಹೆಸರು ಇರಬಾರದು.

1995ರಲ್ಲಿ ಮನೆ ಖಾಲಿ ಮಾಡುವಾಗ ಬಫಲೋದವನು ಪೆಟ್ಟಿಗೆ, ಕ್ಯಾಸೆಟ್ ಎರಡನ್ನೂ ನನ್ನ ಸೂಟ್‌ಕೇಸಿನಲ್ಲಿ ಇಟ್ಟ. ಒಳಗೆ ನಮ್ಮ ಕೊನೆಯ ಸೀಸನ್ ಇತ್ತು. ಯಾರು ಎಷ್ಟು ಓಡಿದರು, ಎಷ್ಟು ಒದೆದರು ಎಲ್ಲ ಲೆಕ್ಕ. ಆ ಲೆಕ್ಕವನ್ನು ಹಿಡಿದಿಡುವುದು ಕ್ಯಾಸೆಟ್ಟಿನೊಳಗೆ ಬೆಸುಗೆ ಹಾಕಿರುವ ನಾಣ್ಯದಷ್ಟು ದೊಡ್ಡ ಬ್ಯಾಟರಿ. ಬೋನ ವೇಗ, ಒಕೋಯೆಯ ಬಲ, ರೈಕ್‌ನ ಹೆಸರು, ಇವೆಲ್ಲ ಚಿಪ್‌ನಲ್ಲೇ ಬರೆದದ್ದು, ಬ್ಯಾಟರಿ ಬೇಕಿಲ್ಲ. ನಾವು ಆಡಿದ್ದಕ್ಕೆ ಮಾತ್ರ ಬ್ಯಾಟರಿ ಬೇಕು.

ಬಹಳ ವರ್ಷ ಪೆಟ್ಟಿಗೆಯನ್ನು ತೆಗೆಯಲಿಲ್ಲ. ಕೆಲಸ, ಮಕ್ಕಳು, ಆ ಮನೆ ಈ ಮನೆ. ಕೊನೆಗೆ ತೆಗೆದು ಟಿವಿಗೆ ಹಾಕಿದ ದಿನ ಪರದೆ ಚೆನ್ನಾಗಿಯೇ ಬಂತು. 840 ಜನವೂ ಇದ್ದರು. ಸೀಸನ್ನಿನ ಪುಟ ತೆರೆದೆ, ಎಲ್ಲ ಕಡೆ ಸೊನ್ನೆ. ನಾರ್ವುಡ್‌ನ ಹೆಸರಿನ ಮುಂದೆಯೂ ಸೊನ್ನೆ. ಅವನ ಎಲ್ಲ ಒದೆತಗಳೂ ಹೋಗಿದ್ದವು. ಆ ರಾತ್ರಿ ಬಫಲೋಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೊಸದು ಹಾಕಿಸು, ಮತ್ತೆ ಒದೆಯೋಣ’ ಅಂದ.

ಇಲ್ಲೇ ನಮ್ಮ ಬೀದಿಯ ಟಿವಿ ರಿಪೇರಿ ಅಂಗಡಿಯವರು ಹಳೆಯ ಬೆಸುಗೆ ಬಿಡಿಸಿ, ಹೊಸ ಬ್ಯಾಟರಿ ಕೂರಿಸಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ, ಒಂದು ಆಟ ಆಡಿಸಿ ಅಂದರು. ಅವರೂ ಇವತ್ತು ಬಂದಿದ್ದಾರೆ, ಮೂರನೆಯ ಸಾಲಿನಲ್ಲಿ.

ಟಿವಿ ಬಿಸಿಯಾಗಿದೆ. ಸೀಸನ್ ಹೊಸದು, ಮೊದಲ ವಾರ. ಇಬ್ಬರು ಮುಂದೆ ಬನ್ನಿ. ಒಬ್ಬರು ಎರಡು ತಂಡಗಳ ಹೆಸರು ಹೇಳಿ, ಇನ್ನೊಬ್ಬರು ಆರಿಸಿಕೊಳ್ಳಿ. ಬಫಲೋ ಯಾರ ಪಾಲಿಗೆ ಬಂದರೂ ಸರಿ, 47 ಗಜದ ಹತ್ತಿರ ನಿಂತಾಗ ಮಾತ್ರ ಒಂದು ಕ್ಷಣ ತಡೆದು ನನ್ನನ್ನು ಕರೆಯಿರಿ.